ನೊಣಕ್ಕೆ ಅಂಬಲಿ, ಫೈಲಿಗೆ ಪ್ಯಾರಾ ನಂಬರ್

ನನಗೆ ಕೊಟ್ಟ ಕೋಣೆಯಲ್ಲಿ ಸಿಂಕ್ ಇತ್ತು, ನಲ್ಲಿ ಇತ್ತು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಬಿದ್ದ ನೀರು ಹೊರಗೆ ಹೋಗಲು ಪೈಪ್ ಮಾತ್ರ ಇರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಸೇರಿದ ದಿನ ಕೀಲಿಕೈ ಕೊಟ್ಟವರು, "ಸದ್ಯಕ್ಕೆ ಕೆಳಗೊಂದು ಬಕೆಟ್ ಇಟ್ಕೊಳ್ಳಿ ಮೇಡಂ, ಮುಂದಿನ ವಾರ ಪ್ಲಂಬರ್ ಬರ್ತಾರೆ" ಅಂದರು. ಆ ಮುಂದಿನ ವಾರ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ದಿನಕ್ಕೆ ನಾಲ್ಕು ಸಲ ಬಕೆಟ್ ಹೊತ್ತು ಕಾರಿಡಾರಿನ ಆಚೆ ತುದಿಯ ಶೌಚಾಲಯಕ್ಕೆ ಸುರಿದು ಬರುವುದು ನನಗೆ ರೂಢಿಯಾಗಿತ್ತು. ಹೈಡೆಲ್‌ಬರ್ಗ್‌ನಲ್ಲಿ ನಾಲ್ಕು ವರ್ಷ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆ, ಮುಗಿಸಿ ಬಂದವಳು ನಾನು. ಅಲ್ಲಿ ಮೈಕ್ರೋಸ್ಕೋಪ್ ಕೆಟ್ಟರೆ ಇಮೇಲ್ ಹಾಕಿ ಕಾಫಿ ಕುಡಿಯಲು ಹೋಗುತ್ತಿದ್ದೆ.

ಯಾವ ಸಂಸ್ಥೆ ಎಂದು ಹೇಳುವುದಿಲ್ಲ. ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುವ, ವಯಸ್ಸಿನಲ್ಲಿ ಚಿಕ್ಕ ಸಂಸ್ಥೆ ಅಂದರೆ ಸಾಕು. ಅಲ್ಲಿ ಈಗಲೂ ಸಂಬಳ ತೆಗೆದುಕೊಳ್ಳುತ್ತಿದ್ದೇನೆ.

ನನ್ನ ಕೆಲಸ ಹಣ್ಣುನೊಣದ ಮೇಲೆ. ಬಾಳೆಹಣ್ಣು ಕೊಳೆತರೆ ಎಲ್ಲಿಂದಲೋ ಬಂದು ಮುತ್ತುವ ಆ ಪುಟ್ಟ ನೊಣವೇ, ಡ್ರೊಸೊಫಿಲ. ಹಸಿದಾಗ ಅದರ ಮಿದುಳಿಗೆ ಸಿಹಿ ಇನ್ನಷ್ಟು ಸಿಹಿಯಾಗಿ ಹೇಗೆ ತೋರುತ್ತದೆ ಎಂಬುದು ನನ್ನ ಪ್ರಶ್ನೆ. ಗಸಗಸೆ ಕಾಳಿನಷ್ಟಿರುವ ಆ ಮಿದುಳಿನಲ್ಲಿ ಸುಮಾರು 1,40,000 ನರಕೋಶಗಳಿವೆ. ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬ ಪೂರ್ತಿ ನಕ್ಷೆ 2024ರಲ್ಲಿ ಬಂದಿದೆ. ನೊಣ ಅಂದರೆ ಅಗ್ಗದ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೊಣ ಅಗ್ಗವೇ, ಅದನ್ನು 25 ಡಿಗ್ರಿಯಲ್ಲಿ ಇಡುವ ಇನ್‌ಕ್ಯುಬೇಟರ್, ಮಿದುಳು ನೋಡುವ ಮೈಕ್ರೋಸ್ಕೋಪ್, ಎರಡನ್ನೂ ನಿಲ್ಲದಂತೆ ನಡೆಸುವ ಕರೆಂಟು ಅಗ್ಗವಲ್ಲ.

ನಮ್ಮ ವಲಯದಲ್ಲಿ ಸ್ವಂತ ಲ್ಯಾಬ್ ನಡೆಸುವವರನ್ನು ಪಿಐ ಅನ್ನುತ್ತೇವೆ, ಪ್ರಿನ್ಸಿಪಲ್ ಇನ್‌ವೆಸ್ಟಿಗೇಟರ್. ಗದಗ ಸೀಮೆಯ ನಮ್ಮೂರಲ್ಲಿ ಅವ್ವ ಇದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದಳು: "ನಮ್ಮ ಹುಡುಗಿ ಪಿಐ ಆಗ್ಯಾಳ." ಮುಂದಿನ ಸಲ ಊರಿಗೆ ಹೋದಾಗ ಹೊಲದ ಬದುವಿನ ತಂಟೆ ಹೊತ್ತು ಇಬ್ಬರು ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದರು. ಪೊಲೀಸ್ ಇನ್‌ಸ್ಪೆಕ್ಟರ್ ಬರುತ್ತಾಳೆ, ಒಂದು ಮಾತು ಹೇಳಿಸೋಣ ಅಂತ.

ಆದದ್ದು ನೋಡಿದರೆ ಅವರ ತಪ್ಪು ಅಷ್ಟೇನೂ ದೊಡ್ಡದಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದರಲ್ಲಿ ವಿಜ್ಞಾನಕ್ಕಿಂತ ಪಂಚಾಯ್ತಿಯೇ ಹೆಚ್ಚು.

ನಮ್ಮ ದೇಶದಲ್ಲಿ ಹೊಸ ಪಿಐಗಳಿಗೆ ನೆರವಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಾನು ಸೇರಿದ ವರ್ಷವೇ, ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಮಂಡಳಿ ಎಸ್‌ಇಆರ್‌ಬಿ ತನ್ನ ಸ್ಟಾರ್ಟ್‌ಅಪ್ ರಿಸರ್ಚ್ ಗ್ರ್ಯಾಂಟ್ ಶುರು ಮಾಡಿತ್ತು: ಎರಡು ವರ್ಷಕ್ಕೆ 30 ಲಕ್ಷ ರೂಪಾಯಿವರೆಗೆ. ಅದಕ್ಕೂ ಹಿಂದೆ ಇದ್ದ ಯೋಜನೆಯಲ್ಲಿ ಮೂರು ವರ್ಷಕ್ಕೆ 50 ಲಕ್ಷವಿತ್ತು. ಹೊರದೇಶದಿಂದ ಮರಳುವವರಿಗೆ ರಾಮಾನುಜನ್ ಫೆಲೋಶಿಪ್, ರಾಮಲಿಂಗಸ್ವಾಮಿ ಫೆಲೋಶಿಪ್. ಇನ್ನೂ ಚಿಕ್ಕ ವಯಸ್ಸಿನವರಿಗೆ ಇನ್‌ಸ್ಪೈರ್ ಫ್ಯಾಕಲ್ಟಿ. ಜೀವವಿಜ್ಞಾನದವರೆಲ್ಲ ಆಸೆಗಣ್ಣಿಂದ ನೋಡುವುದು ಹೈದರಾಬಾದಿನಲ್ಲಿ ಕಚೇರಿಯಿರುವ ಇಂಡಿಯಾ ಅಲಯನ್ಸಿನ ಐದು ವರ್ಷಗಳ ಫೆಲೋಶಿಪ್ ಕಡೆಗೆ. ಈಗ ಎಸ್‌ಇಆರ್‌ಬಿಯ ಜಾಗದಲ್ಲಿ ಎಎನ್‌ಆರ್‌ಎಫ್ ಬಂದು, ಮೂರು ವರ್ಷಕ್ಕೆ 60 ಲಕ್ಷದವರೆಗೆ ಕೊಡುವ ಯೋಜನೆ ತಂದಿದೆ. ನಾನು ಯಾವುದಕ್ಕೆ ಅರ್ಜಿ ಹಾಕಿದೆ, ಯಾವುದು ಸಿಕ್ಕಿತು, ಯಾವುದರಲ್ಲಿ ಬಿದ್ದೆ ಎಂದು ಹೇಳಿ ಮುಂದಿನ ಅರ್ಜಿಗೆ ನಾನೇ ಕಲ್ಲು ಹಾಕಿಕೊಳ್ಳುವುದಿಲ್ಲ. ಎರಡಕ್ಕೆ ಹಾಕಿದೆ, ಚಿಕ್ಕದು ಸಿಕ್ಕಿತು, ದೊಡ್ಡದರ ಸಂದರ್ಶನದಲ್ಲಿ ಬಿದ್ದೆ. ಅಷ್ಟು ಸಾಕು.

ಬಿದ್ದದ್ದು ಒಂದೇ ಪ್ರಶ್ನೆಗೆ. "ನಿಮ್ಮ ಪೋಸ್ಟ್‌ಡಾಕ್ ಗುರುಗಳ ಲ್ಯಾಬ್ ನಾಳೆಯೇ ಈ ಪ್ರಯೋಗ ಮಾಡಿದರೆ, ನೀವು ಏನು ಮಾಡುತ್ತೀರಿ?" ಅವರ ಲ್ಯಾಬಿನಲ್ಲಿ ಹದಿನೆಂಟು ಜನ. ನನ್ನಲ್ಲಿ ನಾನು ಮತ್ತು ಒಂದು ಬಕೆಟ್. ಅವರು ಇದನ್ನು ಮಾಡುವುದಿಲ್ಲ ಅಂದುಕೊಂಡಿದ್ದೇನೆ ಎಂದೆ. ಐದು ಜನ ಒಟ್ಟಿಗೆ ಕಾಗದದ ಮೇಲೆ ಏನೋ ಬರೆದುಕೊಂಡರು. ಹೊರಗೆ ಬಂದಾಗಲೇ ಗೊತ್ತಾಗಿತ್ತು.

ಚಿಕ್ಕದು ಮಂಜೂರಾದ ಸುದ್ದಿ ಬಂದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಖುಷಿಪಟ್ಟ. ಮುಂದಿನ ಭಾನುವಾರದಿಂದ ಪ್ರತಿ ಸಲವೂ ಅವನದು ಒಂದೇ ಪ್ರಶ್ನೆ.

"ಏನವಾ, ರೊಕ್ಕ ಬಂತೇನು?"

"ಮಂಜೂರ್ ಆಗೇತಪ್ಪಾ. ಬರೂದಷ್ಟ ಬಾಕಿ."

"ಮಂಜೂರಾದ ಕಾಗದ ನಮ್ಮ ಟ್ರಂಕಿನ್ಯಾಗೂ ಭಾಳ ಅದಾವು. ಬಿತ್ತೂ ಹೊತ್ತಿಗೆ ಬಂದ್ರ ರೊಕ್ಕ."

ಒಣಬೇಸಾಯದಲ್ಲಿ ನಲವತ್ತು ವರ್ಷ ಕಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು. ಹೊಸ ಲ್ಯಾಬಿಗೆ ಒಟ್ಟು ಎಷ್ಟು ಹಣ ಎನ್ನುವುದಕ್ಕಿಂತ ಯಾವ ತಿಂಗಳು ಎನ್ನುವುದು ದೊಡ್ಡದು. ಮೊದಲ ಹದಿನೆಂಟು ತಿಂಗಳಲ್ಲಿ ಒಂದು ಇನ್‌ಕ್ಯುಬೇಟರ್, ಒಬ್ಬ ವಿದ್ಯಾರ್ಥಿ, ನೀರು ಹರಿದುಹೋಗುವ ಒಂದು ಸಿಂಕ್ ಇದ್ದರೆ ಮುಂದಿನದನ್ನು ಹೇಗೋ ಮಾಡಿಕೊಳ್ಳಬಹುದು. ಮೂರನೇ ವರ್ಷ ಬರುವ ಕೋಟಿ ರೂಪಾಯಿ ಆ ಹದಿನೆಂಟು ತಿಂಗಳನ್ನು ತಿರುಗಿ ಕೊಡುವುದಿಲ್ಲ.

ಆ ನಡುವೆ ನನ್ನನ್ನು ನಡೆಸಿದ್ದು ಕಡ. ಹಳ್ಳಿಯಲ್ಲಿ ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ಕಡ ತರುತ್ತೇವಲ್ಲ, ಹಾಗೆ. ಪಕ್ಕದ ಲ್ಯಾಬಿನವರು ತಮ್ಮ ಮೈನಸ್ 80 ಫ್ರೀಜರಿನಲ್ಲಿ ಒಂದು ಹಲಗೆ ಬಿಟ್ಟುಕೊಟ್ಟರು. ಮೇಲಿನ ಮಹಡಿಯವರು ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್ ಕೊಟ್ಟರು, ಸಂಜೆ ಆರರ ನಂತರ ಮಾತ್ರ. ಕೆಮಿಸ್ಟ್ರಿಯವರು ಹಳೆಯ ಇನ್‌ಕ್ಯುಬೇಟರ್ ಒಂದನ್ನು ಗುಜರಿಗೆ ಹಾಕಲಿದ್ದರು. ಬಾಗಿಲಿನ ರಬ್ಬರ್ ಬದಲಾಯಿಸಿ ನಾನು ಇಟ್ಟುಕೊಂಡೆ. ಇವತ್ತಿಗೂ ಅದು 25 ಡಿಗ್ರಿ ತೋರಿಸಿದರೆ ಒಳಗೆ 24 ಇರುತ್ತದೆ. ನೊಣಗಳಿಗೂ ನನಗೂ ಅದು ಒಗ್ಗಿದೆ.

ನೊಣಗಳೂ ಕಡವೇ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಮ್ಮ ಮಂದಿಯ ಬಗ್ಗೆ ನನಗೆ ನಿಜವಾಗಿ ಹೆಮ್ಮೆಯಿರುವ ವಿಷಯ ಇದೊಂದೇ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿಗಣ್ಣಿನ ನೊಣ ಕಂಡ ಕಾಲದಿಂದ ನೊಣದವರಲ್ಲಿ ಒಂದು ಪದ್ಧತಿ ಬೆಳೆದು ಬಂದಿದೆ: ಕೇಳಿದವರಿಗೆ ತಳಿ ಕಳಿಸಬೇಕು. ಯಾವ ಲ್ಯಾಬಿನಲ್ಲಿ ಯಾವ ತಳಿಯಿದೆ ಎಂದು ಎಲ್ಲರಿಗೂ ತಿಳಿಸಲು 1934ರಿಂದಲೇ ಒಂದು ಪತ್ರಿಕೆ ನಡೆಯಿತು. ನಮ್ಮಲ್ಲೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಗಳ ಕೇಂದ್ರವಿದೆ, ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್ ಆವರಣದಲ್ಲಿ ಫ್ಲೈ ಫೆಸಿಲಿಟಿ ಇದೆ. ನಾನು ಮುಖ ನೋಡಿರದ ಒಬ್ಬರು ಪಿಐ ನನ್ನ ಎರಡು ಸಾಲಿನ ಇಮೇಲ್‌ಗೆ ಉತ್ತರವಾಗಿ ಅರವತ್ತು ತಳಿಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು. ಕಂಡಕ್ಟರ್ ಕೇಳಿದರಂತೆ, ಒಳಗೇನು ಅಂತ. "ನೊಣ" ಅಂದದ್ದಕ್ಕೆ ಅವರು ನಂಬಲಿಲ್ಲ. ಬೆಳಿಗ್ಗೆ ಐದೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಆ ಪೆಟ್ಟಿಗೆ ಇಳಿಸಿಕೊಂಡ ಕ್ಷಣವೇ ನನ್ನ ಲ್ಯಾಬ್ ಶುರುವಾದದ್ದು ಅಂತ ನನ್ನ ಲೆಕ್ಕ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಬೇರೆ ತಾರೀಖು ಇದೆ.

ನೊಣಗಳಿಗೆ ಅಡುಗೆ ಆಗಬೇಕು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್. ಬೂಸ್ಟು ಹಿಡಿಯದಂತೆ ಕೊನೆಯಲ್ಲಿ ಒಂದಿಷ್ಟು ರಾಸಾಯನಿಕ. ನಾನು ಜರ್ಮನಿಯಲ್ಲಿ ಇದನ್ನು ಒಮ್ಮೆಯೂ ಕುದಿಸಿರಲಿಲ್ಲ. ಅಲ್ಲಿ ಅಡುಗೆಮನೆ ಬೇರೆಯೇ ಇತ್ತು. ಮೊದಲ ಮೂರು ಸಲ ಗಂಟು ಗಂಟು. ಮಹಡಿ ಗುಡಿಸಲು ಬರುತ್ತಿದ್ದ ಅಕ್ಕ ಬಾಗಿಲಲ್ಲಿ ನಿಂತು ನೋಡಿ ನೋಡಿ ತಡೆಯಲಾರದೆ ಒಳಗೆ ಬಂದರು. "ಇದು ಅಂಬಲಿ ಅಲ್ವಾ ಮೇಡಂ? ಕುದಿಯೋ ನೀರಿಗೆ ಹಿಟ್ಟು ಸುರಿದ್ರೆ ಗಂಟಾಗದೆ ಇನ್ನೇನಾಗತ್ತೆ? ಮೊದ್ಲು ತಣ್ಣೀರಲ್ಲಿ ಕಲಸ್ಕೊಳ್ಳಿ." ಈಗ ನಮ್ಮ ಲ್ಯಾಬಿನ ನೊಣದ ಅಡುಗೆ ಅವರದೇ. ನಮ್ಮ ಮೊದಲ ಪ್ರಬಂಧದ ಕೃತಜ್ಞತೆಯಲ್ಲಿ ಅವರ ಹೆಸರಿದೆ. ಇಂಗ್ಲಿಷಿನಲ್ಲಿ ಅಮ್ಮನ ಹೆಸರು ಹೀಗೆ ಬರೆಯುವುದಿಲ್ಲ ಎಂದು ಅವರ ಮಗಳು ತಕರಾರು ತೆಗೆದಳು, ತಿದ್ದುವ ಹೊತ್ತು ಮೀರಿತ್ತು.

ಆಮೇಲೆ ಬಂತು 2020ರ ಮಾರ್ಚ್ 24. ರಾತ್ರಿ ಎಂಟಕ್ಕೆ ಪ್ರಧಾನಿಯ ಮಾತು, ಹನ್ನೆರಡಕ್ಕೆ ದೇಶ ಬಂದ್. ಎಂಟೂವರೆಗೆ ನಾನು ಲ್ಯಾಬಿನಲ್ಲಿದ್ದೆ. ಅಷ್ಟರಲ್ಲಿ ತಳಿಗಳು 140 ಆಗಿದ್ದವು, ಒಂದೊಂದಕ್ಕೂ ಎರಡು ಬಾಟಲಿ. ನೊಣದ ತಳಿಯನ್ನು ಫ್ರೀಜರಿನಲ್ಲಿಟ್ಟು ಮರೆಯಲು ಬರುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಹೊಸ ಅಂಬಲಿಯ ಬಾಟಲಿಗೆ ತಟ್ಟಿ ದಾಟಿಸುತ್ತಿರಬೇಕು, ಇಲ್ಲವೇ ಸತ್ತವು. ಲ್ಯಾಬಿಗೆ ಬರಲು ಪರವಾನಗಿ ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ತಳಿಯ ಒಂದೊಂದು ಬಾಟಲಿಯನ್ನು ಕಾರಿನ ಹಿಂದಿನ ಸೀಟಿಗೆ ಜೋಡಿಸಿ ಕ್ವಾರ್ಟರ್ಸ್‌ಗೆ ತಂದೆ.

ಏಪ್ರಿಲ್‌ನಲ್ಲಿ ಮನೆಯೊಳಗೆ 36 ಡಿಗ್ರಿ. 30 ಮುಟ್ಟಿದರೆ ಗಂಡು ನೊಣಗಳಿಗೆ ಬಂಜೆತನ ಬರುತ್ತದೆ. ಎಸಿ ಇರಲಿಲ್ಲ. ಊರಿನ ನೆನಪಿನಿಂದ ಎರಡು ದೊಡ್ಡ ಮಣ್ಣಿನ ಗುಡಾಣ ತರಿಸಿದೆ. ಒಂದರೊಳಗೊಂದು ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆ ಎರಡು ಹೊತ್ತು ನೀರು. ಒಳಗೆ 27ರ ಆಸುಪಾಸು ನಿಂತಿತು. ತೇವ ಹೆಚ್ಚಾಗಿ ಕೆಲವು ಬಾಟಲಿಗೆ ಬೂಸ್ಟು ಬಂತು, ಕೆಲವಕ್ಕೆ ನುಸಿ ಹತ್ತಿತು. ಅಂಬಲಿ ಕುದಿಸಿದ್ದು ಅಡುಗೆಮನೆಯ ಕುಕ್ಕರಿನಲ್ಲೇ. ಗಂಡ ಆಗ ಬೇರೆ ಊರಿನ ಕೆಲಸದಲ್ಲಿದ್ದ, ಅದೊಂದು ಅನುಕೂಲವಾಯಿತು. ಮೇ ತಿಂಗಳಲ್ಲಿ ಲ್ಯಾಬ್ ಬಾಗಿಲು ತೆರೆದಾಗ ಎಣಿಸಿದೆ: 109 ಉಳಿದಿದ್ದವು. ಹೋದ 31ರಲ್ಲಿ 26 ತಳಿಗಳನ್ನು ಅದೇ ರಾತ್ರಿ ಬಸ್ಸಿನ ಪಿಐ ಮತ್ತೆ ಕಳಿಸಿಕೊಟ್ಟರು. ಉಳಿದ ಐದು ನಾನೇ ಕಟ್ಟಿದವು, ಬೇರೆ ಯಾರ ಹತ್ತಿರವೂ ಇರಲಿಲ್ಲ. ಅವನ್ನು ಮತ್ತೆ ಕಟ್ಟಲು ಏಳು ತಿಂಗಳು ಹಿಡಿಯಿತು. ಕಟ್ಟಿದ ಮೇಲೆ ಮೊದಲು ಮಾಡಿದ ಕೆಲಸ, ಕೇಳದವರಿಗೂ ಕಳಿಸಿದ್ದು.

ಖರೀದಿಯ ಕಥೆಗೆ ಬರುತ್ತೇನೆ. ಬೇಗ ಮುಗಿಸಬೇಕೆಂದಿದ್ದೇನೆ, ಆದರೆ ಸುಲಭವಲ್ಲ.

ಆಗಿನ ನಿಯಮದಂತೆ ಕೊಟೇಶನ್ ಇಲ್ಲದೆ ಕೊಳ್ಳಬಹುದಾಗಿದ್ದದ್ದು 25,000 ರೂಪಾಯಿವರೆಗೆ. ಅದರ ಮೇಲಾದರೆ ಸಮಿತಿ, ಇನ್ನೂ ಮೇಲಾದರೆ ಟೆಂಡರ್. ಎಲ್ಲಕ್ಕೂ ಮೊದಲು ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನಲ್ಲಿ ಹುಡುಕಬೇಕಿತ್ತು. ಅಲ್ಲಿ ಸಿಗುವುದನ್ನು ಹೊರಗೆ ಕೊಳ್ಳುವಂತಿರಲಿಲ್ಲ. ನೊಣ ಸಾಕುವ ಗಾಜಿನ ಬಾಟಲಿ ಎರಡು ಸಾವಿರ ಬೇಕಿತ್ತು. ಅತಿ ಕಡಿಮೆ ದರ ಹಾಕಿದವನಿಗೆ ಆರ್ಡರ್ ಹೋಯಿತು. ಬಂದ ಬಾಟಲಿಗಳ ಬಾಯಿ ಎರಡು ಮಿಲಿಮೀಟರ್ ದೊಡ್ಡದು. ನನ್ನಲ್ಲಿದ್ದ ಹತ್ತಿಯ ಬಿರಡೆಗಳು ಅವುಗಳೊಳಗೆ ಸೀದಾ ಇಳಿದುಹೋಗುತ್ತಿದ್ದವು. ನಿರ್ದಿಷ್ಟತೆಯ ಕಾಲಂನಲ್ಲಿ ನಾನು ಬಾಯಿಯ ಒಳ ಅಳತೆ ಬರೆದಿರಲಿಲ್ಲ, ಹೊರ ಅಳತೆ ಬರೆದಿದ್ದೆ. ಹಿಂದೆ ಕಳಿಸಲು ಬರುವುದಿಲ್ಲ. ಒಂದು ವಾರ ನಾನು, ನನ್ನ ವಿದ್ಯಾರ್ಥಿ, ಅಕ್ಕ ಮೂವರೂ ಕೂತು ಎರಡು ಸಾವಿರ ಬಿರಡೆ ದಪ್ಪ ಮಾಡಿದೆವು.

ನನಗೆ ಖರೀದಿ ಕಲಿಸಿದವರು ಲೆಕ್ಕಪತ್ರ ವಿಭಾಗದ ಸೂಪರಿಂಟೆಂಡೆಂಟ್. ಮೊದಲ ವರ್ಷ ಅವರೇ ನನ್ನ ಶತ್ರು ಅಂದುಕೊಂಡಿದ್ದೆ. ಕಳಿಸಿದ ಫೈಲೆಲ್ಲ ತಿರುಗಿ ಬರುತ್ತಿತ್ತು. ಒಂದು ದಿನ ಸಿಟ್ಟಿನಿಂದ ಫೈಲ್ ಹಿಡಿದುಕೊಂಡೇ ಅವರ ಮೇಜಿನ ಮುಂದೆ ಹೋಗಿ ನಿಂತೆ. ಕುರ್ಚಿ ತೋರಿಸಿದರು.

"ಮೇಡಂ, ನೀವು ಫೈಲಲ್ಲಿ 'ಅತಿ ತುರ್ತು' ಅಂತ ಬರೀತೀರಿ. ಎಲ್ಲಾರೂ ಅದನ್ನೇ ಬರೀತಾರೆ. ನಾನು ಸಹಿ ಮಾಡಿದ್ರೆ ನಾಳೆ ಆಡಿಟ್‌ನೋರು ನನ್ನ ಕೇಳೋದು, ಯಾವ ಆಧಾರದ ಮೇಲೆ ಅಂತ. ತುರ್ತು ಅಂತ ಹೇಳಕ್ಕಾಗತ್ತಾ? ಮಂಜೂರಾತಿ ಆದೇಶದ ಪ್ಯಾರಾ ನಂಬರ್ ಬರೀರಿ. ನಂಬರ್ ಇದ್ರೆ ನಂಗೂ ಧೈರ್ಯ."

ಅರ್ಧ ಗಂಟೆ ಕೂರಿಸಿಕೊಂಡು ನನ್ನದೇ ಮಂಜೂರಾತಿ ಆದೇಶವನ್ನು ನನಗೆ ಓದಿಸಿದರು. ಐದು ಪುಟದ ಆ ಕಾಗದವನ್ನು ನಾನು ಅಲ್ಲಿಯವರೆಗೆ ಪೂರ್ತಿ ಓದಿಯೇ ಇರಲಿಲ್ಲ. ಮೊತ್ತ ನೋಡಿ ಮಡಚಿಟ್ಟಿದ್ದೆ. ಯಾವ ಹೆಡ್‌ನಿಂದ, ಅಂದರೆ ಖರ್ಚಿನ ಬಾಬ್ತಿನಿಂದ, ಯಾವ ಹೆಡ್‌ಗೆ ಹಣ ದಾಟಿಸಬಹುದು, ಯಾವುದಕ್ಕೆ ಮೊದಲೇ ಅನುಮತಿ ಬೇಕು, ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಏನು, ಎಲ್ಲ ಅದರಲ್ಲೇ ಇತ್ತು. ಆ ಮಧ್ಯಾಹ್ನದ ನಂತರ ನನ್ನ ಫೈಲುಗಳು ತಿರುಗಿ ಬರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಹೊಸ ಪಿಐಗಳಿಗೆ ಸಂಸ್ಥೆಗಳು ನಡೆಸುವ ಪರಿಚಯ ಕಾರ್ಯಕ್ರಮದಲ್ಲಿ ಧ್ಯೇಯೋದ್ದೇಶದ ಸ್ಲೈಡ್ ಕಡಿಮೆ ಮಾಡಿ ಇಂಥವರಿಗೆ ಎರಡು ಗಂಟೆ ಕೊಟ್ಟರೆ ಲಕ್ಷಗಟ್ಟಲೆ ಉಳಿಯುತ್ತದೆ. ಇದು ನನ್ನ ಖಚಿತ ಅಭಿಪ್ರಾಯ.

ಆದರೆ ಅವರಿಂದಲೂ ಆಗದ್ದೊಂದು ಇತ್ತು. 2022ರಲ್ಲಿ ಎರಡನೇ ಗ್ರ್ಯಾಂಟ್ ಸಿಕ್ಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ ಹೊರಟೆ. ಮೂಲಬೆಲೆ 20 ಲಕ್ಷ. ಸಂಶೋಧನಾ ಸಂಸ್ಥೆಗಳಿಗೆ ಆಗ ಜಿಎಸ್‌ಟಿ 5 ಶೇಕಡಾ, ಅಂದರೆ 21 ಲಕ್ಷ. ಬಜೆಟ್ ಹಾಗೇ ಬರೆದಿದ್ದೆ. ಆ ವರ್ಷ ಜುಲೈ 18ರಿಂದ ರಿಯಾಯಿತಿ ಹೋಯಿತು. 18 ಶೇಕಡಾ ಸೇರಿ 23.6 ಲಕ್ಷ. ಎರಡು ಲಕ್ಷದ ಅರವತ್ತು ಸಾವಿರ ಹೆಚ್ಚು, ಆಗಿನ ಲೆಕ್ಕದಲ್ಲಿ ಒಬ್ಬ ಜೆಆರ್‌ಎಫ್‌ನ, ಅಂದರೆ ಕಿರಿಯ ಸಂಶೋಧಕನ, ಎಂಟು ತಿಂಗಳ ಫೆಲೋಶಿಪ್. ಸರ್ಕಾರದ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತೆಗೆದುಕೊಂಡಿತು. ನಡುವೆ ನಿಂತವಳು ಕ್ಯಾಮೆರಾ ಬಿಟ್ಟು ಮೈಕ್ರೋಸ್ಕೋಪ್ ಮಾತ್ರ ಕೊಂಡಳು. ಒಂದು ವರ್ಷ ಐಪೀಸಿಗೆ ಮೊಬೈಲ್ ಕಟ್ಟಿ ಚಿತ್ರ ತೆಗೆದಿದ್ದೇವೆ. 2025ರ ಜೂನ್‌ನಲ್ಲಿ ಖರೀದಿ ನಿಯಮ ಸಡಿಲವಾಗಿ, ಕೊಟೇಶನ್ ಇಲ್ಲದೆ 2 ಲಕ್ಷದವರೆಗೆ ಕೊಳ್ಳಬಹುದು, ನಿರ್ದೇಶಕರ ಒಪ್ಪಿಗೆಯಿದ್ದರೆ ಜೆಮ್ ಹೊರಗೂ ಹೋಗಬಹುದು ಎಂದಾದಾಗ ನನಗಾದ ಸಂತೋಷ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಬಾಟಲಿಯ ಬಾಯಿ ನೆನಪಿದ್ದವರಿಗೆ ಕಾಣದು.

ಹಣದ ಮಾತು ಇಷ್ಟು. ಹೇಳಲು ಕಷ್ಟವಾದದ್ದು ಮುಂದಿನದು.

ನನ್ನ ಮೊದಲ ವಿದ್ಯಾರ್ಥಿ ಹದಿನಾಲ್ಕನೇ ತಿಂಗಳಿಗೆ ಬಿಟ್ಟುಹೋದ. ಚುರುಕಾದ ಹುಡುಗ, ಹಾವೇರಿ ಕಡೆಯವನು. ಬಿರಡೆಗಳಿಗೆ ಹತ್ತಿ ಸುತ್ತಿದವನು ಅವನೇ. ನೊಣದ ಮಿದುಳನ್ನು ಹೊರತೆಗೆಯುವುದು ನಾಜೂಕು ಕೆಲಸ. ಎರಡು ಚಿಮಟ, ಉಸಿರು ಬಿಗಿಹಿಡಿದು. ಅವನು ಹಗಲು ಮಾಡಿದ್ದನ್ನು ರಾತ್ರಿ ನಾನು ಮತ್ತೊಮ್ಮೆ ಮಾಡುತ್ತಿದ್ದೆ. ಅವನ ಸ್ಲೈಡುಗಳ ಮೇಲೆ ಅನುಮಾನವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಸಮಯವಿಲ್ಲ ಅಷ್ಟೇ, ಗ್ರ್ಯಾಂಟ್ ಎರಡೇ ವರ್ಷದ್ದು. ಬೆಳಿಗ್ಗೆ ಬಂದರೆ ಅವನ ಮೇಜಿನ ಮೇಲೆ ನನ್ನ ಸ್ಲೈಡುಗಳು ಇರುತ್ತಿದ್ದವು, ಅವನವುಗಳಿಗಿಂತ ಚೊಕ್ಕವಾಗಿ. ಅವನು ಒಂದು ದಿನವೂ ಏನೂ ಅನ್ನಲಿಲ್ಲ. ಒಂದು ಸೋಮವಾರ ಇಮೇಲ್ ಬಂತು, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಈ ತಿಂಗಳ ಕೊನೆಗೆ ಹೋಗುತ್ತೇನೆ ಅಂತ. ಕೆಳಗೆ ಒಂದು ಸಾಲು: "ಇಲ್ಲಿ ನನ್ನ ಅಗತ್ಯವಿಲ್ಲ ಅನಿಸುತ್ತದೆ ಮೇಡಂ."

ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಮೈಸೂರಿನ ನನ್ನ ಹಿರಿಯ ಗುರುಗಳಿಗೆ ಫೋನ್ ಮಾಡಿದೆ. ಅವರು ನನ್ನ ಪಿಎಚ್‌ಡಿ ಗುರುಗಳಲ್ಲ. ಬೆಂಗಳೂರಿನ ಇಂಡಿಯಾಬಯೋಸೈನ್ಸ್‌ನವರು 2009ರಿಂದ ಯಂಗ್ ಇನ್‌ವೆಸ್ಟಿಗೇಟರ್ಸ್ ಮೀಟಿಂಗ್ ಎಂದು ನಡೆಸುತ್ತಾರೆ, ಹೊಸ ಪಿಐಗಳನ್ನೂ ಹಿರಿಯರನ್ನೂ ಕೆಲವು ದಿನ ಒಟ್ಟಿಗೆ ಕೂರಿಸುವ ಸಭೆ. ಅಂಥದೇ ಒಂದು ಚಿಕ್ಕ ಸಭೆಯಲ್ಲಿ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು. ನಿವೃತ್ತರಾಗಿ ಎಂಟು ವರ್ಷವಾಗಿತ್ತು. ನಂಬರ್ ಕೊಟ್ಟು, "ಪೇಪರ್ ಬಗ್ಗೆ ಕೇಳಕ್ಕೆ ಫೋನ್ ಮಾಡ್ಬೇಡ, ಅದಕ್ಕೆ ಬೇರೆಯವ್ರಿದಾರೆ. ಯಾರ ಹತ್ರಾನೂ ಹೇಳಕ್ಕಾಗದೇ ಇರೋದಕ್ಕೆ ಮಾಡು" ಅಂದಿದ್ದರು.

ಎಲ್ಲ ಕೇಳಿಸಿಕೊಂಡರು. ನಡುವೆ ಒಮ್ಮೆ ಕುಕ್ಕರ್ ಆರಿಸಿ ಬಂದರು. ಆಮೇಲೆ ಹೇಳಿದರು:

"ನಿನ್ ಕೈ ಚೆನ್ನಾಗಿದೆ ಕಣಮ್ಮ. ಅದೇ ನಿನ್ ಕಷ್ಟ. ಕೈ ಚೆನ್ನಾಗಿಲ್ದೋರು ಬೇಗ ಬಿಟ್ಕೊಡ್ತಾರೆ. ಒಂದ್ ವರ್ಷ ಚಿಮಟ ಮುಟ್ಬೇಡ. ಬೀರುವಲ್ಲಿಟ್ಟು ಬೀಗ ಹಾಕು. ಹುಡುಗರು ಹಾಳು ಮಾಡ್ತಾರೆ, ಮಾಡ್ಲಿ. ನೀನೂ ಮಾಡಿದ್ಯಲ್ಲ? ನಿನ್ ಗುರು ರಾತ್ರಿ ಬಂದು ತಿದ್ತಿದ್ರಾ?"

ತಿದ್ದುತ್ತಿರಲಿಲ್ಲ. ಹೈಡೆಲ್‌ಬರ್ಗಿನ ಮೊದಲ ಆರು ತಿಂಗಳು ನಾನು ಇನ್ನೂರು ಮಿದುಳಾದರೂ ಹರಿದಿದ್ದೇನೆ.

ಯುರೋಪಿನ ಎಂಬೊ ಸಂಸ್ಥೆ ಲ್ಯಾಬ್ ನಡೆಸುವುದನ್ನು ಕಲಿಸಲೆಂದೇ ಕೋರ್ಸು ನಡೆಸುತ್ತದೆ: ಜನರೊಡನೆ ಮಾತಾಡುವುದು, ಜಗಳ ಬಿಡಿಸುವುದು, ಕೆಲಸ ಒಪ್ಪಿಸುವುದು. ಪೋಸ್ಟ್‌ಡಾಕ್ ಆಗಿದ್ದಾಗ ನಾವೆಲ್ಲ ಅದನ್ನು ಕಂಡು ನಕ್ಕಿದ್ದೆವು. ಹತ್ತು ವರ್ಷ ಒಬ್ಬಳೇ ಚಿಮಟ ಹಿಡಿದು ಕೂರುವುದನ್ನು ಕಲಿಸಿ, ಅದರಲ್ಲೇ ಶಹಬ್ಬಾಸ್ ಅನ್ನಿಸಿಕೊಂಡವರನ್ನು ಆರಿಸಿ, ಒಂದು ಬೆಳಿಗ್ಗೆ ನಾಲ್ಕು ಜನರನ್ನು ನಡೆಸು ಎಂದು ಕೀಲಿಕೈ ಕೊಡುತ್ತಾರೆ. ಲಾರಿ ಚೆನ್ನಾಗಿ ಓಡಿಸುತ್ತಾನೆಂದು ಒಬ್ಬನಿಗೆ ಲಾರಿ ಆಫೀಸಿನ ಗಲ್ಲೆ ಒಪ್ಪಿಸಿದ ಹಾಗೆ.

ಚಿಮಟಕ್ಕೆ ಬೀಗ ಹಾಕಿದೆ. ಒಂದು ವರ್ಷ ಆಗಲಿಲ್ಲ, ಎಂಟು ತಿಂಗಳು ತಡೆದುಕೊಂಡೆ.

ಆ ಹುಡುಗನ ನಂತರ ಬಂದ ಇಬ್ಬರ ಕಾಲದಲ್ಲಿ ಇನ್ನೊಂದು ಪೇಚು. ಎರಡನೇ ಕಂತಿನ ಹಣ ತಡವಾಯಿತು. ಒಂದು ತಿಂಗಳು, ಎರಡು, ಐದು. ಫೆಲೋಶಿಪ್ ನಿಂತಿತು. ಒಬ್ಬಳು ಪಿಜಿಯಲ್ಲಿದ್ದಳು, ಬಾಡಿಗೆ ಕೇಳಿ ಅಲ್ಲಿನ ಆಂಟಿ ದಿನಾ ಬಾಗಿಲು ಬಡಿಯುತ್ತಿದ್ದರು. ನನ್ನ ಕೈಯಿಂದ ಇಬ್ಬರಿಗೂ ಹದಿನೈದು ಹದಿನೈದು ಸಾವಿರ ಕೊಟ್ಟೆ. ತೆಗೆದುಕೊಳ್ಳುವಾಗ ಅವರ ಮುಖ ನೋಡಿ, ಇದು ಎರಡನೇ ಸಲ ಆಗಬಾರದು ಅನಿಸಿತು. ಗುರುವಿನ ಸಾಲದಲ್ಲಿರುವ ವಿದ್ಯಾರ್ಥಿ ಗುರುವಿಗೆ 'ನಿಮ್ಮ ಊಹೆ ತಪ್ಪು' ಎಂದು ಹೇಳುವುದು ಹೇಗೆ?

ಗುರುವಾರ ಸಂಜೆ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಚಹಾಕ್ಕೆ ಸೇರುವ ಮೂವರಿದ್ದೆವು, ಮೂವರೂ ಹೊಸ ಪಿಐಗಳು. ಒಬ್ಬರು ಭೌತವಿಜ್ಞಾನ, ಒಬ್ಬರು ಸಸ್ಯದ ಬೇರಿನ ಮೇಲೆ ಕೆಲಸ ಮಾಡುವವರು. ಮೊದಲು ಬೈಯಲು ಸೇರುತ್ತಿದ್ದೆವು. ಆಮೇಲೆ ಒಬ್ಬರ ಅರ್ಜಿ ಒಬ್ಬರು ಓದತೊಡಗಿದೆವು. ನೊಣ ಗೊತ್ತಿಲ್ಲದ ಭೌತವಿಜ್ಞಾನಿ ನನ್ನ ಎರಡನೇ ಅರ್ಜಿ ಓದಿ, "ಮೂರನೇ ಪುಟದವರೆಗೆ ನಿಮ್ಮ ಪ್ರಶ್ನೆ ಏನಂತಲೇ ಗೊತ್ತಾಗಲ್ಲ, ನಿಮ್ಮ ಹಳೇ ಬಾಸ್ ಹೆಸರು ಮಾತ್ರ ಆರು ಸಲ ಬಂದಿದೆ" ಅಂದರು. ಆ ಆರನ್ನೂ ಹೊಡೆದುಹಾಕಿದೆ. ಸಂದರ್ಶನದಲ್ಲಿ ನಾನು ಬಿದ್ದ ಪ್ರಶ್ನೆಗೆ ಉತ್ತರ ಬರೆಯಬೇಕಾದ ಜಾಗ ಅದೇ ಆಗಿತ್ತು. 2022ರಲ್ಲಿ ಸಿಕ್ಕಿದ್ದು ಆ ಅರ್ಜಿಗೆ.

ಫೆಲೋಶಿಪ್ ಸಮಸ್ಯೆಗೂ ಮೂವರೂ ಕೂತು ಒಂದೇ ಪುಟದ ಮನವಿ ಬರೆದೆವು: ಮಂಜೂರಾತಿ ಆದೇಶ ಕೈಯಲ್ಲಿದ್ದು ಕಂತು ತಡವಾದರೆ, ಆರು ತಿಂಗಳವರೆಗೆ ವಿದ್ಯಾರ್ಥಿಗಳ ಫೆಲೋಶಿಪ್ ಅನ್ನು ಸಂಸ್ಥೆಯ ಓವರ್‌ಹೆಡ್ ಖಾತೆಯಿಂದ (ಗ್ರ್ಯಾಂಟಿನ ಜೊತೆ ಸಂಸ್ಥೆಯ ಖರ್ಚಿಗೆಂದು ಬರುವ ಹಣ) ಮುಂಗಡ ಕೊಡಬೇಕು, ಕಂತು ಬಂದ ದಿನ ಹಿಂದಕ್ಕೆ ಹಾಕಬೇಕು. ನಿರ್ದೇಶಕರ ಬಳಿ ಹೋಗುವ ಮೊದಲು ಸೂಪರಿಂಟೆಂಡೆಂಟ್ ಅವರಿಗೆ ತೋರಿಸಿದೆ. 'ಮಾನವೀಯತೆಯ ದೃಷ್ಟಿಯಿಂದ' ಎಂಬ ಸಾಲನ್ನು ಕೆಂಪು ಪೆನ್ನಿನಿಂದ ಹೊಡೆದರು. ಆ ಜಾಗದಲ್ಲಿ ಎರಡು ಪ್ಯಾರಾ ನಂಬರ್ ಬರೆದರು. ಮೂರು ವಾರಕ್ಕೆ ಸಹಿಯಾಗಿ ಬಂತು. ಆ ಖಾತೆ ಇವತ್ತಿಗೂ ನಡೆಯುತ್ತಿದೆ, ಹನ್ನೊಂದು ವಿದ್ಯಾರ್ಥಿಗಳು ಅದರ ಮೇಲೆ ದಾಟಿದ್ದಾರೆ. ಆರು ವರ್ಷದಲ್ಲಿ ನಾನು ಮಾಡಿದ ಕೆಲಸದಲ್ಲಿ ಬೇರೆಯವರ ಪ್ರಬಂಧಗಳಲ್ಲಿ ಉಲ್ಲೇಖ ಸೊನ್ನೆ ಇರುವುದು ಇದಕ್ಕೇ.

ಕಳೆದ ವಾರ ಇಮೇಲ್ ಒಂದು ಬಂತು. ನನ್ನ ಮೊದಲ ಗ್ರ್ಯಾಂಟಿನ ಅಂತಿಮ ಲೆಕ್ಕದಲ್ಲಿ, ಬ್ಯಾಂಕ್ ಬಡ್ಡಿಯ ಬಾಬ್ತಿನಲ್ಲಿ 37 ರೂಪಾಯಿ ತಾಳೆಯಾಗುತ್ತಿಲ್ಲ. ಹತ್ತು ದಿನದೊಳಗೆ ಪರಿಷ್ಕೃತ ವಿನಿಯೋಗ ಪ್ರಮಾಣಪತ್ರ ಕಳಿಸಿ. ಆ ಯೋಜನೆ ಮುಗಿದು ಮೂರು ವರ್ಷವಾಗಿದೆ. 37 ರೂಪಾಯಿ ನಾನೇ ಕೊಡುತ್ತೇನೆ ಎಂದರೆ ಆಗುವುದಿಲ್ಲ, ಅದಕ್ಕೆ ಹೆಡ್ ಇಲ್ಲ.

ಫೈಲ್ ಹಿಡಿದು ಕೆಳಗಿಳಿದೆ. ಸೂಪರಿಂಟೆಂಡೆಂಟ್ ಅವರು ಹೋದ ತಿಂಗಳು ನಿವೃತ್ತರಾದರು. ಆ ಕುರ್ಚಿಯಲ್ಲಿ ಗುತ್ತಿಗೆ ಮೇಲೆ ಬಂದ ಹುಡುಗಿ, ಬಿ.ಕಾಂ. ಮುಗಿಸಿ ವರ್ಷವಾಗಿಲ್ಲ, ಕೆಲಸಕ್ಕೆ ಸೇರಿ ಮೂರು ವಾರ. ಫೈಲ್ ನೋಡಿದಳು, ನನ್ನ ಮುಖ ನೋಡಿದಳು. "ಮೇಡಂ, ಇದು ಹೇಗೆ ಮಾಡೋದು ಅಂತ ನಂಗೆ ಗೊತ್ತಿಲ್ಲ. ಮೇಲಿನೋರನ್ನ ಕೇಳಿದ್ರೆ ಬೈತಾರೆ." ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕೂತೆ. ನನ್ನ ಫೋನಿನಿಂದಲೇ ಸರ್‌ಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದೆ. ಹಾಸನದ ಹತ್ತಿರದ ತೋಟದಲ್ಲಿದ್ದರು, ಹಿಂದೆ ಮೋಟಾರ್ ಓಡುವ ಸದ್ದು.

"ಮೂವತ್ತೇಳಾ? ಒಂದ್ನಿಮಿಷ ಇರಿ, ನೀರು ಕಟ್ ಮಾಡಿ ಬರ್ತೀನಿ. ಅಷ್ಟರಲ್ಲಿ 2021ರ ಮಾರ್ಚ್ ಸ್ಟೇಟ್‌ಮೆಂಟ್ ತೆಗೀರಿ. ಆ ಮಗೂಗೆ ಪೆನ್ನು ತಗೊಳ್ಳೋಕೆ ಹೇಳಿ."